ಧನುಷ್ಕೋಡಿ: ವಾಸಯೋಗ್ಯವಲ್ಲದ ಊರಿನ ವಾಸಿಗಳು

(ಉಪನ್ಯಾಸವೊಂದರ ಬರಹರೂಪ)

ಕಾಶಿ-ರಾಮೇಶ್ವರ ಯಾತ್ರೆ ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ಕ್ರಮ ಬಲ್ಲ ಹಿರಿಯರು ಸೇತುವಿನ ಮರಳನ್ನು ಗಂಗೆಗೆ ಒಯ್ದು, ಗಂಗಾಜಲವನ್ನು ರಾಮೇಶ್ವರಕ್ಕೆ ತರುತ್ತಾರೆ. ಆ ಮರಳು ಸಿಗುವ ಕಡೆಯೇ ಧನುಷ್ಕೋಡಿ, ರಾಮೇಶ್ವರ ದ್ವೀಪದ ಬಾಲದಂತಿರುವ ತುದಿ. ಪ್ರವಾಸಿಗರನ್ನು ಕರೆದೊಯ್ಯುವವರು ಅದನ್ನು 'ಭೂತಗಳ ಊರು' ಎನ್ನುತ್ತಾರೆ. ಈ ಹೆಸರಿಗೆ ನನ್ನ ತಕರಾರಿದೆ.

ಆ ಊರು ಮೊದಲು ಹೇಗಿತ್ತು ನೋಡಿ. 1914ರಲ್ಲಿ ಪಾಂಬನ್ ರೈಲು ಸೇತುವೆ ಆದ ಮೇಲೆ ಮದರಾಸಿನ 'ಬೋಟ್ ಮೇಲ್' ನೇರವಾಗಿ ಧನುಷ್ಕೋಡಿಗೆ ಬರತೊಡಗಿತು. ಅಲ್ಲಿ ಇಳಿದು ಹಡಗು ಹತ್ತಿದರೆ ಸುಮಾರು 30 ಕಿ.ಮೀ. ಆಚೆ ಅಂದಿನ ಸಿಲೋನಿನ ತಲೈಮನ್ನಾರ್. ಅಲ್ಲಿಂದ ಮತ್ತೆ ರೈಲು, ಕೊಲಂಬೊ. ಹೀಗಾಗಿ ಊರಿನಲ್ಲಿ ಸುಂಕದ ಕಚೇರಿ, ಅಂಚೆ ಕಚೇರಿ, ಚರ್ಚು, ಶಾಲೆ, ಛತ್ರ ಎಲ್ಲವೂ ಇದ್ದವು.

1964ರ ಡಿಸೆಂಬರ್ 22ರ ರಾತ್ರಿ ಸಿಲೋನಿನ ಉತ್ತರ ಭಾಗವನ್ನು ದಾಟಿಬಂದ ಚಂಡಮಾರುತ ಇವನ್ನೆಲ್ಲ ಮುಗಿಸಿತು. ಬರೀ ಗಾಳಿಯಾಗಿದ್ದರೆ ಜನ ಹೇಗೋ ಬದುಕುತ್ತಿದ್ದರೇನೋ. ಕೊಂದದ್ದು ನೀರು. ಚಂಡಮಾರುತದ ಗಾಳಿ ಕಡಲ ನೀರನ್ನು ದಡದತ್ತ ತಳ್ಳುತ್ತದೆ. ಆಳ ಸಮುದ್ರದಲ್ಲಾದರೆ ಆ ನೀರು ಅಡಿಯಿಂದ ಹಿಂದಕ್ಕೆ ಸರಿದೀತು. ಪಾಕ್ ಕೊಲ್ಲಿಗೆ ಅಂಥ ಆಳವಿಲ್ಲ, ನೀರು ಮೇಲೇರಲೇಬೇಕು. ಊರಿದ್ದದ್ದೋ ಎರಡು ಕಡಲುಗಳ ನಡುವಿನ ಮರಳಪಟ್ಟಿಯ ಮೇಲೆ: ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಓಡಿ ಹತ್ತಲು ಒಂದು ದಿಬ್ಬವೂ ಇಲ್ಲ.

ಅದೇ ರಾತ್ರಿ ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ನಿಲ್ದಾಣ ಇನ್ನೇನು ಬಂತು ಎನ್ನುವಾಗ ಅಲೆಗೆ ಸಿಕ್ಕಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಪಾಂಬನ್ ಸೇತುವೆಯೂ ಮುರಿದಿತ್ತು. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲು ತಂದ ಇ. ಶ್ರೀಧರನ್ ಆಗಿನ್ನೂ ತರುಣ ಎಂಜಿನಿಯರ್. ಅವರ ಉಸ್ತುವಾರಿಯಲ್ಲಿ 46 ದಿನಗಳಲ್ಲಿ ಸೇತುವೆ ಸರಿಯಾಯಿತು. ಆದರೆ ರೈಲು ರಾಮೇಶ್ವರದಲ್ಲೇ ನಿಂತಿತು. ಧನುಷ್ಕೋಡಿಗೆ ಮತ್ತೆ ಹಳಿ ಹಾಕಲಿಲ್ಲ. ಊರು ವಾಸಯೋಗ್ಯವಲ್ಲವೆಂದು ಮದರಾಸು ಸರಕಾರ ಸಾರಿತು. ತಪ್ಪು ತೀರ್ಮಾನವೆಂದು ನಾನು ಹೇಳಲಾರೆ. ಅಂಥ ಜಾಗದಲ್ಲಿ ಮತ್ತೆ ಪಟ್ಟಣ ಕಟ್ಟಿ ಎನ್ನಲು ಯಾರಿಗೆ ಧೈರ್ಯ ಬಂದೀತು? ನೌಕರರಿಗೆ ವರ್ಗವಾಯಿತು, ವ್ಯಾಪಾರಿಗಳು ಬೇರೆ ಊರು ನೋಡಿಕೊಂಡರು. ಬೆಸ್ತರಿಗೆ ಮಾತ್ರ ಮೀನು ಇದ್ದದ್ದು ಅಲ್ಲೇ. ಅವರು ಮರಳಿ ಬಂದು ಗುಡಿಸಲು ಹಾಕಿದರು.

ಸುತ್ತ ಉಪ್ಪುನೀರು, ಕುಡಿಯುವುದೇನು ಎಂದು ನೀವು ಕೇಳಬಹುದು. ಮರಳಿನಲ್ಲಿ ಗುಂಡಿ ತೋಡಿದರೆ ಸಿಹಿನೀರು ಒಸರುತ್ತದೆ. ಭಕ್ತರು ಇದನ್ನು ಪವಾಡವೆನ್ನಲಿ, ಕಾರಣ ಸರಳ. ಮರಳಿಗಿಳಿದ ಮಳೆನೀರು ಉಪ್ಪುನೀರಿಗಿಂತ ಹಗುರ. ಅದರ ಮೇಲೆಯೇ ತೆಳ್ಳಗೆ ನಿಂತಿರುತ್ತದೆ. ಮೆಲ್ಲಗೆ ಚಿಪ್ಪಿನಲ್ಲೋ ತಂಬಿಗೆಯಲ್ಲೋ ತೋಡಿಕೊಂಡರೆ ಸಿಹಿ. ಆಸೆಬಿದ್ದು ಪಂಪು ಇಟ್ಟರೆ ಕೆಳಗಿನ ಉಪ್ಪು ಮೇಲೇಳುತ್ತದೆ.

2017ರಲ್ಲಿ ತುದಿಯ ಅರಿಚಲ್‌ಮುನೈವರೆಗೆ ಡಾಂಬರು ರಸ್ತೆಯಾಯಿತು. ಅಲ್ಲಿಯವರೆಗೆ ಮರಳಿನಲ್ಲಿ ಜೀಪು, ವ್ಯಾನುಗಳೇ ಗತಿ. ಈಗ ಜನ ಕಾರಿನಿಂದಿಳಿದು, ಹವಳದ ಕಲ್ಲಿನ ಚರ್ಚಿನ ಗೋಡೆಗೆ ಒರಗಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲೇ ಕಪ್ಪೆಚಿಪ್ಪಿನ ಸರ, ಶಂಖ ಮಾರುವವರು, ಮೀನು ಹುರಿಯುವವರು ಇದ್ದಾರೆ. ನೀವು ಹೋದರೆ ನಿಲ್ದಾಣ ಎಲ್ಲಿತ್ತೆಂದು ಅವರನ್ನೇ ಕೇಳಿ. ಬೆಳಿಗ್ಗೆಯೇ ಹೊರಡಿ, ಸಂಜೆಯಾಗುತ್ತಲೇ ಪೊಲೀಸರು ಪ್ರವಾಸಿಗರನ್ನು ರಾಮೇಶ್ವರಕ್ಕೆ ವಾಪಸು ಕಳುಹಿಸುತ್ತಾರೆ. ಗುಡಿಸಲಿನವರು ಅಲ್ಲೇ ಇರುತ್ತಾರೆ.