ನಿವಾಸಿ ವೈದ್ಯನ ನೆಲೆ

ಮಂಗಳೂರು ಆಸ್ಪತ್ರೆಗಳ ಊರು. 1848ರಲ್ಲಿ ಆರಂಭವಾದ ವೆನ್‌ಲಾಕ್ ಆಸ್ಪತ್ರೆ, 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ತೆರೆದ ಸಣ್ಣ ಔಷಧಾಲಯದಿಂದ ಕಂಕನಾಡಿಯಲ್ಲಿ ಬೆಳೆದ ಸಂಸ್ಥೆ, 1950ರ ದಶಕದಲ್ಲಿ ಇಲ್ಲಿ ನೆಲೆನಿಂತ ಕಸ್ತೂರ್ಬಾ ಮೆಡಿಕಲ್ ಕಾಲೇಜು – ಇವನ್ನು ನಂಬಿ ಕಾಸರಗೋಡು, ಕೊಡಗು, ಚಿಕ್ಕಮಗಳೂರುಗಳಿಂದ ರೋಗಿಗಳು ಬರುತ್ತಾರೆ. ವೈದ್ಯವಿದ್ಯೆಯನ್ನರಸಿ ತರುಣರೂ ಬರುತ್ತಾರೆ.

ಎಂ.ಬಿ.ಬಿ.ಎಸ್. ಮುಗಿಸಿದವರು ಎಂ.ಡಿ., ಎಂ.ಎಸ್. ವ್ಯಾಸಂಗಕ್ಕೆ ಕಾಲೇಜುಗಳ ಪಟ್ಟಿಯನ್ನು ಬರೆಯುವ ಹೊತ್ತಿನಲ್ಲಿ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳು ಮೂರೇ: ಈ ರ‍್ಯಾಂಕಿಗೆ ಯಾವುದು ದಕ್ಕೀತು, ಶುಲ್ಕವೆಷ್ಟು, ಹೆಸರೆಂಥದು? ನಾಲ್ಕನೆಯದನ್ನು ಕೇಳುವವರು ವಿರಳ: ಅಲ್ಲಿ ಮೂರು ವರ್ಷ ಬಾಳುವುದು ಹೇಗೆ?

ಈ ಶಿಕ್ಷಾರ್ಥಿಗಳನ್ನು ‘ರೆಸಿಡೆಂಟ್’ ಎಂದರೆ ನಿವಾಸಿ ಎಂದು ಕರೆಯುವ ರೂಢಿ ಹಳೆಯದು. ಅಮೆರಿಕದಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಈ ಪದ್ಧತಿಯನ್ನು ಶಸ್ತ್ರವೈದ್ಯಕ್ಕೆ ಅಳವಡಿಸಿದರು. ಹಗಲಿರುಳೆನ್ನದೆ ಆಸ್ಪತ್ರೆಯಲ್ಲೇ ವಾಸ. ನಮ್ಮ ಗುರುಕುಲದ ನೆನಪಾಗುವುದು ಸಹಜ. ಆದರೆ ಗುರುಕುಲದಲ್ಲಿ ಶಿಷ್ಯನು ಸೌದೆ ಹೊತ್ತಾಗ ಗುರುವೂ ಅದೇ ಸೂರಿನಡಿ ಇದ್ದ. ಇಂದು ಕೇಳಬೇಕಾದುದು ಇದನ್ನೇ: ಶಿಷ್ಯನು ದುಡಿಯುವಾಗ ಗುರು ಎಲ್ಲಿರುತ್ತಾನೆ?

1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಜಯಾನ್ ಎಂಬ 18 ವರ್ಷದ ಯುವತಿ ತೀರಿಕೊಂಡಳು. ಆ ರಾತ್ರಿ ಅವಳನ್ನು ನೋಡಿಕೊಂಡವರು ಹಲವು ರೋಗಿಗಳ ಹೊಣೆ ಹೊತ್ತ ಕಿರಿಯ ವೈದ್ಯರು. ಹಿರಿಯರ ಸಲಹೆ ಬಂದುದು ದೂರವಾಣಿಯ ಮೂಲಕ. ಮುಂದೆ, 1989ರಲ್ಲಿ, ಆ ರಾಜ್ಯವು ಕಿರಿಯ ವೈದ್ಯರ ದುಡಿಮೆಗೆ ವಾರಕ್ಕೆ 80 ಗಂಟೆಗಳ ಮಿತಿ ಹಾಕಿತು. ಆದರೆ ಆ ಸುಧಾರಣೆಗೆ ದಾರಿ ತೋರಿದ ಸಮಿತಿಯ ಮುಖ್ಯಸ್ಥ ಡಾ. ಬರ್ಟ್ರಂಡ್ ಬೆಲ್ ಗಂಟೆಗಳ ಲೆಕ್ಕಕ್ಕಿಂತ ಹಿರಿಯರ ಮೇಲ್ವಿಚಾರಣೆಗೇ ಹೆಚ್ಚಿನ ಒತ್ತು ಕೊಟ್ಟರು. ವಿಷಯದ ತಿರುಳು ಇಲ್ಲಿದೆಯೆಂದು ನನಗೆ ತೋರುತ್ತದೆ.

ಹಾಗೆಂದು ಗಂಟೆಗಳು ಅಲಕ್ಷ್ಯಕ್ಕೆ ತಕ್ಕವಲ್ಲ. ನಮ್ಮಲ್ಲಿ 1992ರ ಕೇಂದ್ರ ನಿರ್ದೇಶನವು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರದ ಕೆಲಸವೆಂದು ಹೇಳಿತ್ತು. 2023ರ ಸ್ನಾತಕೋತ್ತರ ನಿಯಮಗಳು ‘ಯುಕ್ತವಾದ’ ಅವಧಿ ಎಂದಷ್ಟೇ ಹೇಳಿ ಅಂಕಿಯನ್ನು ಕೈಬಿಟ್ಟವು. ಅಂಕಿಯಿಲ್ಲದ ಕಡೆ ವಿಶೇಷಣವನ್ನು ಬಲವುಳ್ಳವನು ತನಗೆ ಬೇಕಾದಂತೆ ಅರ್ಥೈಸಿಕೊಳ್ಳುತ್ತಾನೆ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಸರದಿಯ ನಡುವೆ ವಿಶ್ರಮಿಸಲು ಹೋದ ತರುಣ ವೈದ್ಯೆಯ ಹತ್ಯೆಯಾದಾಗ, ಆಕೆ ಮಲಗಿದ್ದುದು ವಿಚಾರಗೋಷ್ಠಿಯ ಕೊಠಡಿಯಲ್ಲಿ ಎಂಬುದನ್ನು ದೇಶವೇ ಕೇಳಿತು.

ಇನ್ನೊಂದು ಮಗ್ಗುಲೂ ಇದೆ. ಕೆಲಸ ತೀರ ಹಗುರವಾದರೆ ಕೈ ಪಳಗದು. ನಮ್ಮ ಮಳೆಗಾಲದ ಮಲೇರಿಯ, ಡೆಂಗ್ಯೂ ರೋಗಿಗಳ ನಡುವೆ ಓಡಾಡಿದವನಿಗೆ ಬರುವ ತಿಳಿವು ಪುಸ್ತಕದಿಂದ ಬಾರದು. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಸತ್ಯವೇ. ಆದರೆ ಕುತ್ತಿಗೆಯವರೆಗೆ ಕೆಸರಿನಲ್ಲಿ ಹೂತವನಿಗೆ ಆ ಗಾದೆಯನ್ನು ಹೇಳಬಾರದು. ರೋಗಿಯನ್ನು ಪರೀಕ್ಷಿಸುವ ದಣಿವು ವಿದ್ಯೆ. ರಕ್ತದ ಸೀಸೆಗಳನ್ನು ಪ್ರಯೋಗಾಲಯಕ್ಕೆ ಹೊತ್ತು ತಿರುಗುವ ದಣಿವು ಬರಿಯ ಕೂಲಿ.

ಆದ್ದರಿಂದ ಪಟ್ಟಿ ಬರೆಯುವ ಮುನ್ನ ತರುಣರು ಆ ಕಾಲೇಜಿಗೊಮ್ಮೆ ಹೋಗಲಿ. ಕಚೇರಿಯಲ್ಲಿ ವಿಚಾರಿಸಿದರೆ ಸಾಲದು. ರಾತ್ರಿ ಸರದಿ ಮುಗಿಸಿ ಬಂದ ಎರಡನೆಯ ವರ್ಷದವರನ್ನು ಮಾತನಾಡಿಸಲಿ. ನಡುರಾತ್ರಿ ತಿಳಿಯದ ರೋಗ ಎದುರಾದರೆ ಹಿರಿಯರು ಎದ್ದು ಬರುವರೇ, ಬೈಯುವರೇ? ಒಬ್ಬನು ಜ್ವರದಿಂದ ಮಲಗಿದರೆ ಅವನ ಸರದಿ ಯಾರ ಪಾಲು? ನಡುವೆಯೇ ಬಿಟ್ಟುಹೋದವರು ಎಷ್ಟು ಮಂದಿ? ಹೊರನಾಡಿನಿಂದ ಬಂದವನಿಗೆ ರೋಗಿಯ ತುಳುವನ್ನೋ ಬ್ಯಾರಿಯನ್ನೋ ತಿಳಿಸಿಹೇಳುವವರಿದ್ದಾರೆಯೇ? ಒಂದು ವಿಭಾಗದ ಸಂಸ್ಕೃತಿ ಇಂಥ ಉತ್ತರಗಳಲ್ಲೇ ತಿಳಿಯುತ್ತದೆ.

ಎಲ್ಲರ ರ‍್ಯಾಂಕಿಗೂ ಆಯ್ಕೆಯ ಅವಕಾಶ ಸಿಗದು, ನಿಜ. ಸಿಕ್ಕವರಾದರೂ ಹೆಸರಿಗೆ ಮರುಳಾಗದಿರಲಿ. “ನನಗೆ ತಿಳಿಯದು” ಎಂದು ಶಿಷ್ಯನು ಅಂಜದೆ ಹೇಳಬಲ್ಲ ಕಡೆ ಅವನು ಕಲಿಯುತ್ತಾನೆ. ಹಾಸಿಗೆಯ ಮೇಲಿರುವ ರೋಗಿಯ ಜೀವವೂ ಆ ಒಂದು ಮಾತನ್ನೇ ಅವಲಂಬಿಸಿರುತ್ತದೆ.