ವಿಷಯದ ಆಯ್ಕೆ: ಮೂರನೆಯ ಪ್ರಶ್ನೆ



ಬಸವಕಲ್ಯಾಣ, ಹುಮನಾಬಾದ್‌ಗಳ ನಮ್ಮ ಮನೆಗಳಲ್ಲಿ ಪಿಯುಸಿ ಫಲಿತಾಂಶ ಬಂದೊಡನೆ ಎರಡು ಪ್ರಶ್ನೆಗಳೇಳುತ್ತವೆ. ಮಗನಾದರೆ, ‘ನೆರೆಮನೆಯ ಹುಡುಗ ಯಾವ ಕೋರ್ಸ್ ಸೇರಿದ?’ ಮಗಳಾದರೆ, ‘ಹತ್ತಿರದ ಕಾಲೇಜು ಯಾವುದು?’ ಮಗುವಿನ ಒಲವೇನು, ಸಾಮರ್ಥ್ಯವೇನು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಗಣಿತವೆಂದರೆ ನಡುಗುವ ಹುಡುಗನನ್ನು ಇಂಜಿನಿಯರಿಂಗ್‌ಗೆ ತಳ್ಳಿದರೆ ಸಾಲ ಉಳಿಯುತ್ತದೆ, ಪದವಿ ದಕ್ಕುವುದಿಲ್ಲ.

ಕಲಾ ವಿಭಾಗವು ಸೋತವರ ಆಶ್ರಯತಾಣವಲ್ಲ. ಐಎಎಸ್, ಕೆಎಎಸ್ ಪರೀಕ್ಷೆಗಳಿಗೆ ಯಾವ ವಿಷಯದ ಪದವಿಯಾದರೂ ಸಾಕು. ನಿಗದಿತ ಅಂಕಗಳಿದ್ದರೆ ಐದು ವರ್ಷಗಳ ಕಾನೂನು ಪದವಿಗೆ ಪಿಯುಸಿಯ ಯಾವ ವಿಭಾಗದವರೂ ಅರ್ಹರು. ಉರ್ದು, ಕನ್ನಡ ಎರಡನ್ನೂ ಬಲ್ಲ ನಮ್ಮ ಮಕ್ಕಳಿಗೆ ಇತಿಹಾಸ, ಕಾನೂನು, ಪತ್ರಿಕೋದ್ಯಮಗಳಲ್ಲಿ ಭಾಷೆಯೇ ಬಂಡವಾಳ.

ಒಲಿದ ವಿಷಯ ಹತ್ತಿರದಲ್ಲಿಲ್ಲವೆಂದು ಕೈಚೆಲ್ಲಬೇಡಿ. 2012ರ 98ನೆಯ ತಿದ್ದುಪಡಿಯು ಸಂವಿಧಾನಕ್ಕೆ ಸೇರಿಸಿದ 371(ಜೆ) ವಿಧಿಯ ಫಲವಾಗಿ, ಕಲ್ಯಾಣ ಕರ್ನಾಟಕದವರಿಗೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳು ಮೀಸಲಾಗಿವೆ. ಎರಡೂ ತಾಲೂಕಿನವರಿಗೆ ಅರ್ಹತಾ ಪತ್ರ ನೀಡುವುದು ಬಸವಕಲ್ಯಾಣದ ಸಹಾಯಕ ಆಯುಕ್ತರ ಕಚೇರಿ. ಫಲಿತಾಂಶಕ್ಕೆ ಮೊದಲೇ ಅದನ್ನು ಪಡೆದಿಡಿ.

ವರನ ಬಗ್ಗೆ ಊರೆಲ್ಲ ವಿಚಾರಿಸುವ ನಾವು, ಮಗಳ ವಿದ್ಯೆಯ ಬಗ್ಗೆ ಒಮ್ಮೆ ಮಗಳನ್ನೇ ಕೇಳಬಾರದೇ?