ಉದರದ ಬೊಜ್ಜು, ಕೊಲೆಸ್ಟರಾಲ್ ಮತ್ತು ರಕ್ತದೊತ್ತಡ
(ಉಪನ್ಯಾಸದ ಬರಹರೂಪ)



ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ‘ಅಷ್ಟೌನಿಂದಿತೀಯ’ವೆಂಬ ಅಧ್ಯಾಯವೊಂದುಂಟು. ಅಲ್ಲಿ ನಿಂದ್ಯವೆಂದು ಎಣಿಸಲಾದ ಎಂಟು ಬಗೆಯ ದೇಹಗಳಲ್ಲಿ ಅತಿಸ್ಥೂಲ, ಅತಿಕೃಶ ಎರಡೂ ಸೇರಿವೆ. ಇವೆರಡರಲ್ಲಿ ಕೃಶತೆಯೇ ವಾಸಿ ಎಂಬುದು ಚರಕರ ನಿರ್ಣಯ. ಮುಂಬಯಿಯ ಕನ್ನಡಿಗರ ಮನೆಗಳಲ್ಲಾದರೋ, ಹೊಟ್ಟೆ ಮುಂದೆ ಬಂದವರನ್ನು ‘ಮೈಕೈ ತುಂಬಿಕೊಂಡಿದ್ದಾರೆ’ ಎಂದು ಕೊಂಡಾಡುವ ರೂಢಿ ಇನ್ನೂ ಹೋಗಿಲ್ಲ.

ತೂಕವೊಂದರಿಂದಲೇ ಅಪಾಯವನ್ನು ಅಳೆಯಲಾಗದು ಎಂಬುದಕ್ಕೆ ಸ್ವಾರಸ್ಯವಾದ ಪ್ರಸಂಗವೊಂದಿದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಹಾಗೂ ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಭಾವಚಿತ್ರವನ್ನು ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ತಿಳಿಸುವ ಬಿ.ಎಂ.ಐ. ಇಬ್ಬರದೂ 22.3. ಆದರೆ ಯುಡ್ಕಿನ್ನರ ದೇಹದಲ್ಲಿದ್ದ ಕೊಬ್ಬು ಶೇ. 9.1, ಯಾಜ್ಞಿಕರದು ಶೇ. 21.2! ನೋಟಕ್ಕೆ ತೆಳ್ಳಗಿದ್ದರೂ ಭಾರತೀಯರ ಒಡಲೊಳಗೆ ಕೊಬ್ಬು ಅಡಗಿರುವುದುಂಟು. ಆದುದರಿಂದಲೇ ಭಾರತೀಯರಿಗೆ ಬಿ.ಎಂ.ಐ. 23 ದಾಟಿದರೆ ಅಧಿಕ ತೂಕವೆಂದೂ, ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಬಾರದೆಂದೂ ವೈದ್ಯರು ಗೊತ್ತುಪಡಿಸಿದ್ದಾರೆ. ಅಳತೆಪಟ್ಟಿ ಪ್ರತಿ ಮನೆಯ ಹೊಲಿಗೆ ಪೆಟ್ಟಿಗೆಯಲ್ಲೂ ಇರುತ್ತದೆ.

ಕರುಳು, ಯಕೃತ್ತುಗಳ ಸುತ್ತ ಸೇರುವ ಈ ಕೊಬ್ಬು ಸುಮ್ಮನೆ ಕುಳಿತಿರುವ ಸರಕಲ್ಲ. ರಕ್ತನಾಳಗಳನ್ನು ಬಿಗಿಗೊಳಿಸುವ ರಸದೂತಗಳಿಗೆ ಬೇಕಾದ ಮೂಲದ್ರವ್ಯವನ್ನು ಅದೇ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ನಿನ ಪ್ರಭಾವ ಕುಗ್ಗಿ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ನರಮಂಡಲವು ಸದಾ ಉದ್ರಿಕ್ತವಾಗಿರುತ್ತದೆ. ಮೂತ್ರಪಿಂಡಗಳು ಕೊಬ್ಬಿನ ಒತ್ತಡಕ್ಕೂ ಸಿಕ್ಕಿ, ಹೊರಹಾಕಬೇಕಾದ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತವೆ. ಉಪ್ಪಿನೊಡನೆ ನೀರು ನಿಲ್ಲುತ್ತದೆ, ಒತ್ತಡ ಏರುತ್ತದೆ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರುಗಟ್ಟುವ ಸ್ಥೂಲಕಾಯರಿಗಂತೂ ನಿದ್ದೆಯಲ್ಲೂ ವಿಶ್ರಾಂತಿಯಿಲ್ಲ.

ಕೊಲೆಸ್ಟರಾಲಿನ ಪಾತ್ರ ಬೇರೆ. ಉಪ್ಪಿನಂತೆ ಅದು ನೇರವಾಗಿ ಒತ್ತಡವನ್ನು ಏರಿಸದು. ಅಧಿಕ ಒತ್ತಡದಿಂದ ಧಮನಿಯ ಒಳಪದರ ಘಾಸಿಗೊಂಡಾಗ ಎಲ್‌.ಡಿ.ಎಲ್. ಕೊಲೆಸ್ಟರಾಲ್ ಅಲ್ಲಿ ನುಸುಳಿ ಗಂಟುಕಟ್ಟುತ್ತದೆ. ಧಮನಿ ಪೆಡಸಾದಂತೆ ಒತ್ತಡ ಮತ್ತಷ್ಟು ಏರುತ್ತದೆ. ಹೀಗೆ ಒಂದಕ್ಕೊಂದು ಇಂಬು. ಉದರದ ಬೊಜ್ಜಿನವರಲ್ಲಿ ಸಾಮಾನ್ಯವಾಗಿ ಕಾಣುವುದು ಏರಿದ ಟ್ರೈಗ್ಲಿಸರೈಡ್, ಇಳಿದ ಎಚ್.ಡಿ.ಎಲ್. ಆದುದರಿಂದ ಪರೀಕ್ಷೆಯ ಚೀಟಿಯಲ್ಲಿ ಒಟ್ಟು ಕೊಲೆಸ್ಟರಾಲ್ ಮಾತ್ರ ನೋಡಿ ನಿಶ್ಚಿಂತರಾಗುವುದು ಸರಿಯಲ್ಲ.

2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್.-ಇಂಡಿಯಾಬ್ ಸಮೀಕ್ಷೆ ದೇಶದ ಲಕ್ಷಕ್ಕೂ ಮಿಕ್ಕಿದ ವಯಸ್ಕರನ್ನು ಒಳಗೊಂಡಿತ್ತು. ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡ, ಶೇ. 39.5 ಮಂದಿಗೆ ಉದರದ ಬೊಜ್ಜು! 140/90 ದಾಟಿದರೂ ಹಲವರಿಗೆ ತಲೆನೋವು ಕೂಡ ಬಾರದು. ಪಾರ್ಶ್ವವಾಯು ಬಡಿದ ದಿನವೇ ರೋಗದ ಅರಿವಾಗುವ ಮನೆಗಳಿವೆ.

ಸಸ್ಯಾಹಾರಿಗಳಿಗೆ ಈ ಭಯವಿಲ್ಲವೆಂಬುದು ಭ್ರಮೆ. ಉಡುಪಿಯ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿದ ಹಿರಿಯರು ಕರಿದದ್ದನ್ನು ತಿಂದರೂ ಹಗಲೆಲ್ಲ ನಿಂತೇ ದುಡಿದರು. ಅವರ ಮಕ್ಕಳು ಡೊಂಬಿವಲಿಯಿಂದಲೋ ವಿರಾರಿನಿಂದಲೋ ಲೋಕಲ್ ಹಿಡಿದು, ದಿನವಿಡೀ ಕಚೇರಿಯಲ್ಲಿ ಕುಳಿತು, ದಾರಿಯಲ್ಲಿ ವಡಾಪಾವ್ ತಿಂದು, ರಾತ್ರಿ ಹತ್ತಕ್ಕೆ ಊಟ ಮಾಡುತ್ತಾರೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಉಪ್ಪು ಲೆಕ್ಕಕ್ಕೇ ಬರುವುದಿಲ್ಲ. ದಿನಕ್ಕೆ ಒಟ್ಟು 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಐದು ಕಿಲೋ ತೂಕ ಇಳಿದರೆ ಮೇಲಿನ ಒತ್ತಡ ಸರಾಸರಿ ನಾಲ್ಕೈದು ಅಂಕ ಇಳಿಯುತ್ತದೆ.

ಏಕಾದಶಿಯ ಉಪವಾಸ ತೂಕ ಇಳಿಸೀತೆಂದು ನಂಬಿದವರುಂಟು. ದ್ವಾದಶಿಯ ಪಾರಣೆಯಲ್ಲಿ ಹಿಂದಿನ ದಿನದ ಬಾಕಿಯನ್ನೂ ತೀರಿಸುವವರಿಗೆ ಅದು ಫಲಿಸದು. ಅದಕ್ಕಿಂತ ಗಂಭೀರವಾದುದು, ಆ ದಿನ ರಕ್ತದೊತ್ತಡದ ಮಾತ್ರೆಯನ್ನೇ ಬಿಡುವ ಅಭ್ಯಾಸ. ಕೆಲವು ಔಷಧಗಳನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಹಿಂದಿಗಿಂತಲೂ ಏರಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ನಿರ್ಜಲವಾಗಿದ್ದರೆ ಒತ್ತಡ ಕುಸಿದು ತಲೆ ತಿರುಗಬಹುದು. ಔಷಧದಿಂದ ವ್ರತ ಕೆಡದೆಂಬ ಮಾತು ಮಹಾಭಾರತದ ಉದ್ಯೋಗಪರ್ವದಲ್ಲೇ ಇದೆ. ಯಾವ ಮಾತ್ರೆಯನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು, ನಿರ್ಜಲ ಉಪವಾಸ ಸಲ್ಲುವುದೇ ಎಂಬುದನ್ನು ದಶಮಿಗೆ ಮೊದಲೇ ವೈದ್ಯರಲ್ಲಿ ವಿಚಾರಿಸಿಕೊಳ್ಳತಕ್ಕದ್ದು.